ಚುಕ್ಕಾಣಿಗೆ ನಾನು ಅಂಟಿಸಿದ ಚುಕ್ಕಿ

ಸೀಮೆಎಣ್ಣೆ ಹಚ್ಚಿ ಎಷ್ಟು ತಿಕ್ಕಿದರೂ ನನ್ನ ಅಂಗೈಯ ಹಳದಿ ಬಣ್ಣ ಪೂರ್ತಿ ಹೋಗಿಲ್ಲ. ಅದರ ವಾಸನೆ ಮೂಗಿಗೆ ಬಂದಾಗಲೆಲ್ಲ ನಿನ್ನೆಯ ಸಂಭ್ರಮ ಮತ್ತೆ ನೆತ್ತಿಗೇರುತ್ತದೆ. ನಿಮಗಾದರೂ ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ಈ ವಯಸ್ಸಿನಲ್ಲಿ ನನ್ನ ಬಿ.ಪಿ.ಗೆ ಒಳ್ಳೆಯದಲ್ಲ.

ನಿನ್ನೆ ಬೆಳಿಗ್ಗೆ, ಗಾಣಗಾಪುರದ ಆಚೆಗಿನ ಘಾಟಿನಲ್ಲಿ ಅಂಬಿಗರ ಸಿದ್ರಾಮ ಹೊಸ ದೋಣಿಯನ್ನು ಭೀಮೆಗೆ ಇಳಿಸುವವನಿದ್ದ. ಹಿರಿಯರೆಂದು ನನಗೂ ಹೇಳಿಕಳಿಸಿದ್ದ. ಹೋಗಿ ನೋಡಿದರೆ, ದೋಣಿಯ ಹಿಂಬದಿಗೆ ಕಟ್ಟುವ ಚುಕ್ಕಾಣಿಯ ಹಲಗೆಯ ಮೇಲೆ ಹಳದಿ ಚುಕ್ಕಿಯೊಂದನ್ನು ಬರೆಯುತ್ತ, ಸುತ್ತ ನಿಂತ ದತ್ತಭಕ್ತರಿಗೆ ವಿವರಿಸುತ್ತಿದ್ದ.

“ನಮ್ಮ ಹಿರ್ಯಾರು ರಾತ್ರಿ ಚುಕ್ಕಿ ನೋಡಿ ದೋಣಿ ತಿರುಗಸ್ತಿದ್ರರಿ. ಚುಕ್ಕಿ ಕಾಣಿಸಿದ ಕಡೆ ಹೋಗೂದಕ್ಕ ಇದು ಚುಕ್ಕಾಣಿ. ಚುಕ್ಕಿ ಬರೀದ ನಾವು ಇದನ್ನ ನೀರಿಗೆ ಹಾಕಂಗಿಲ್ಲ. ಮುತ್ತ್ಯಾನ ಕಾಲದ ಪದ್ಧತಿ.”

ಅವನ ಮುತ್ತ್ಯಾನ ಕಾಲದ ಪದ್ಧತಿಯನ್ನು ಹುಟ್ಟಿಸಿದವನು ನಾನು. ಅದೂ ಹಸಿ ಸುಳ್ಳು ಹೇಳಿ.

ಆಗ ನಾನಿನ್ನೂ ಕರಿಮೀಸೆಯವನು. ಅಫಜಲಪುರದಲ್ಲಿ ಕಿರಾಣಿ ಅಂಗಡಿ. ಓದಿದ್ದು ಹೈಸ್ಕೂಲು, ಆಡುತ್ತಿದ್ದುದು ಪಂಡಿತರ ಮಾತು. ಉರ್ದು ಶಾಲೆಯ ರಶೀದ್ ಮಾಸ್ತರ ನನ್ನ ಗೆಳೆಯ. ಹೊಳೆಯಾಚೆಯ ಇಜೇರಿ ಕಡೆಯವನು, ನಿಜವಾಗಿಯೂ ಓದಿದವನು. ದಿನಾ ಸಂಜೆ ಅಂಗಡಿಗೆ ಬಂದು ಕೂತರೆ ಇಬ್ಬರಿಗೂ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಒಮ್ಮೆ ಇಬ್ಬರೂ ಇದೇ ಘಾಟಿನಿಂದ ನದಿ ದಾಟುತ್ತಿದ್ದೆವು. ಪಡುಗಾಳಿ ಜೋರಾಗಿತ್ತು. ಸಿದ್ರಾಮನ ಅಪ್ಪ ಹುಟ್ಟು ಒಳಗಿಟ್ಟು, ಎರಡು ಗಳಗಳ ನಡುವೆ ಹಳೆಯ ಧೋತರ ಬಿಗಿದು ಹಾಯಿ ಮಾಡಿದ್ದ. ಧೋತರ ಉಬ್ಬಿ ದೋಣಿ ವಾಲಿದಾಗ ಹಿಂದಿದ್ದ ತಮ್ಮನಿಗೆ, “ಚುಕ್ಕಾಣಿ ಬಿಗಿ ಹಿಡಿಯೋ ಮಬ್ಬ” ಎಂದು ಕೂಗಿದ.

ರಶೀದನ ಕಣ್ಣು ಅರಳಿತು. “ಕೇಳಿದ್ರೇನ್ರಿ? ಅರಬ್ಬರ ಹಡಗಿನ ಮಾತಿದು. ಅವರು ಇದಕ್ಕ ಸುಕ್ಕಾನ್ ಅಂತಾರ. ಹಡಗನ್ನ ಅಲ್ಲಾಡಗೊಡದಂಗ ಹಿಡಿಯೂದು. ನಮ್ಮ ಮನ್ಯಾಗ ಸುಕೂನ್, ನೆಮ್ಮದಿ ಅಂತೀವಲ್ಲ, ಅದೂ ಇದೇ ಬೇರಿಂದು ಅಂತಾರ.”

ದೋಣಿಯ ಜನರೆಲ್ಲ ಅವನತ್ತ ತಿರುಗಿದರು. ನನಗೆ ತಡೆಯಲಾಗಲಿಲ್ಲ. ಆ ಕ್ಷಣದಲ್ಲೇ ಚುಕ್ಕಿಯ ಕಥೆ ಕಟ್ಟಿದೆ. ಜನ ತಲೆದೂಗಿದರು. ಅಲ್ಲಿಗಾದರೂ ಬಾಯಿ ಮುಚ್ಚಬೇಕಿತ್ತು. “ಹೊಳಿ ನಮ್ದು, ದೋಣಿ ನಮ್ದು, ಹೆಸರಷ್ಟ ನಿಮ್ದೇನೋ?” ಎಂದೂ ಕೇಳಿಬಿಟ್ಟೆ. ದೋಣಿ ತುಂಬ ನಗು. ರಶೀದ ನೀರು ನೋಡುತ್ತ ಕೂತ. ಮರುದಿನ ಸಂಜೆ ಅಂಗಡಿಗೆ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ಮದುವೆಯಲ್ಲೋ, ಯಾರನ್ನಾದರೂ ಮಣ್ಣು ಮಾಡುವಲ್ಲೋ ಎದುರಾದರೆ, “ಆರಾಮ?” “ಆರಾಮ.” ಅಷ್ಟೇ.

ಕಥೆ ಮಾತ್ರ ನನ್ನನ್ನು ಬಿಡಲಿಲ್ಲ. ಹೋದಲ್ಲೆಲ್ಲ ಹೇಳಿದೆ, ಚಪ್ಪಾಳೆ ಗಿಟ್ಟಿಸಿದೆ. ಹೇಳಿ ಹೇಳಿ ನಾನೇ ಅರ್ಧ ನಂಬಿದ್ದೆ. ಮೊನ್ನೆ ಕಲಬುರಗಿಯಲ್ಲಿ ಡಾಕ್ಟರರ ಸರದಿಗೆ ಕಾಯಬೇಕಾಗಿ ಬಂದು, ಪಕ್ಕದ ಗ್ರಂಥಾಲಯದಲ್ಲಿ ಕೂತು ದೊಡ್ಡ ನಿಘಂಟೊಂದನ್ನು ತೆರೆದೆ. ಚುಕ್ಕಾಣಿ: ಅರಬ್ಬಿಯಿಂದ ಬಂದದ್ದು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಮೈ ಜುಮ್ಮೆಂದಿತು. ಮರಾಠರು ಅದನ್ನೇ ಸುಕಾಣೂ ಎನ್ನುತ್ತಾರೆ, ಮಲೆಯಾಳದವರು ಚುಕ್ಕಾನ್. ಎಲ್ಲಿಯ ಅರಬ್ಬೀ ಕಡಲು, ಎಲ್ಲಿಯ ನಮ್ಮ ಭೀಮೆ. ಒಂದು ಮಾತು ಹಡಗು ಹತ್ತಿ ಬಂದು, ಬಂದರಿನಲ್ಲಿಳಿದು, ಘಟ್ಟ ಹತ್ತಿ, ಬಯಲು ದಾಟಿ, ಸಿದ್ರಾಮನ ಅಪ್ಪನ ಬಾಯಿಗೆ ಬಂದು ಕೂತಿತ್ತಲ್ಲ. ಅಂಥ ಪಯಣವನ್ನು ನಾನು ಒಂದು ನಗೆಗಾಗಿ ಅಳಿಸಿದ್ದೆ. ಯಾರಿಗಾದರೂ ಹೇಳಬೇಕೆನ್ನಿಸಿತು. ಇಂಥದ್ದನ್ನು ಕೇಳಿ ಕುಣಿಯುವವನು ಒಬ್ಬನೇ, ಅವನಿಗೆ ಹೇಳುವ ಮುಖ ನನಗಿರಲಿಲ್ಲ.

ನಿನ್ನೆ ಘಾಟಿನ ಬೇವಿನ ಕೆಳಗೆ ಅವನೂ ಕೂತಿದ್ದ. ಊರಿಗೆ ಹೋಗಲು ಹೊಳೆ ದಾಟಬೇಕಿತ್ತಂತೆ. ಸಿದ್ರಾಮನ ವಿವರಣೆ ಅವನ ಕಿವಿಗೂ ಬೀಳುತ್ತಿತ್ತು. ನಾನು ನೇರ ಹೋಗಿ ಅಂಗೈಯಿಂದ ಹಸಿ ಚುಕ್ಕಿ ಒರೆಸತೊಡಗಿದೆ.

“ಏ ಕಾಕಾ, ಏನ್ ಮಾಡಾಕತ್ತೀರಿ?” ಸಿದ್ರಾಮ ಕೈ ಹಿಡಿದ.

“ಆ ಕಥಿ ಸುಳ್ಳದ. ಕಟ್ಟಿದಾವ ನಾನು. ಖರೇ ಅರ್ಥ ಹೇಳಿದಾವ ಅಲ್ಲಿ ಕುಂತಾನ, ರಶೀದ್ ಮಾಸ್ತರ. ಅವತ್ತು ನಿಮ್ಮಪ್ಪನ ದೋಣ್ಯಾಗ ಎಲ್ಲಾರ ಮುಂದ ಅವನ ಮಾನ ಕಳದೆ. ಅದಕ್ಕ ಇವತ್ತೂ ಎಲ್ಲಾರ ಮುಂದ ಹೇಳಾಕತ್ತೇನಿ.”

“ಇಷ್ಟು ವರ್ಷ ತಡದೀರಿ, ಇನ್ನೊಂದು ತಾಸು ತಡದ್ರ ಆಗ್ತಿದ್ದಿಲ್ಲೇನ್ರಿ? ಭಕ್ತರ ಮುಂದ ನನ್ನ ಮರ್ಯಾದಿ ತೆಗದ್ರಿ,” ಎಂದು ಸಿದ್ರಾಮ ಗೊಣಗಿದ.

ರಶೀದ ಕೋಲೂರಿ ಎದ್ದು ಬಂದ. ಉಜ್ಜಿಹೋದ ಚುಕ್ಕಿಯನ್ನು ನೋಡಿದ. “ಸಾವ್ಕಾರ, ಚುಕ್ಕಿ ಕಥಿ ನಾ ಅವತ್ತೇ ಮಾಫ್ ಮಾಡಿದ್ದೆ. ಛಲೋ ಕಟ್ಟಿದ್ದಿ. ಹೆಸರು ನಿಮ್ದೇನು ಅಂದಿಯಲ್ಲ, ಅದು ನುಂಗಾಕ ಆಗಲಿಲ್ಲ.”

“ತಪ್ಪಾತು ರಶೀದ.”

ಅವನು ಸಿದ್ರಾಮನ ಕಡೆ ತಿರುಗಿ, “ತಿದ್ದಿ ಬರಿಯೋ ಚುಕ್ಕೀನ, ಚಂದ ಕಾಣ್ತದ. ಅರ್ಥ ಮಾತ್ರ ಖರೇದು ಹೇಳು,” ಎಂದ. ದೋಣಿ ನೀರಿಗಿಳಿದಾಗ ನನ್ನ ರಟ್ಟೆ ಹಿಡಿದು ಹತ್ತಿಸಿಕೊಂಡ. “ಇದರ ಮ್ಯಾಗ ಭಾಳ ಭಾಷಣ ಹೊಡದಿ. ಹಿಡದು ನೋಡಿಯೇನು ಒಮ್ಮೆಯಾರ?”

ನಿಮ್ಮಾಣೆಗೂ ಹಿಡಿದಿರಲಿಲ್ಲ. ಸಿದ್ರಾಮ ಸರಿದು ಜಾಗ ಕೊಟ್ಟ. ಎಡಕ್ಕೆ ಹೋಗಲೆಂದು ಹಿಡಿಕೆಯನ್ನು ಎಡಕ್ಕೇ ದಬ್ಬಿದೆ, ದೋಣಿ ಬಲಕ್ಕೆ ಹೊರಳಿತು. ಜನ ಹೋ ಎಂದರು. ರಶೀದ ನಗುತ್ತ ನನ್ನ ಕೈಯ ಮೇಲೆ ಕೈಯಿಟ್ಟು ಬಲಕ್ಕೆ ಒತ್ತಿದ. ದೋಣಿ ದಾರಿಗೆ ಬಂತು. ಜೇವರ್ಗಿ ಕಡೆಯ ದಂಡೆ ಮುಟ್ಟುವವರೆಗೆ ಅವನು ಕೈ ತೆಗೆಯಲಿಲ್ಲ.

ಇಳಿಯುವಾಗ ಅಂದ: “ನಾಳಿಗಿ ಅಂಗಡಿಗೆ ಬರ್ತೇನಿ. ಚಹಾಕ್ಕ ಸಕ್ಕರಿ ಹಾಕಿಸಬ್ಯಾಡ, ಶುಗರ್ ಅದ ನನಗ.”

ಶುಗರ್ ಬಂದು ಎಷ್ಟು ವರ್ಷವಾಯಿತೋ. ಕೇಳಬೇಕು. ಹೇಳಬೇಕಾದದ್ದೂ ಬಹಳ ಇದೆ. ಅಗೋ, ಅಂಗಡಿಯ ಎದುರಿಗೆ ಜೇವರ್ಗಿ ಬಸ್ಸು ನಿಂತಿತು. ಕೋಲೂರಿಕೊಂಡು ಯಾರೋ ಇಳಿಯುತ್ತಿದ್ದಾರೆ.