ಅಮಲೋರ್ಪವಂ ಅಮ್ಮನವರ ಮೂರು ಭೇಟಿಯ ನಿಯಮ

ರಾಯಪುರಂನ ನಮ್ಮ ಮಾತೃ ಆಶ್ರಯ ಸಂಘಕ್ಕೆ ಈಗ ತೊಂಬತ್ತಾರು ವರ್ಷ. ಬಂದರಿನಲ್ಲಿ ಮೂಟೆ ಹೊತ್ತು ಸತ್ತವರ ವಿಧವೆಯರಿಗೆ ಗಂಜಿ ಕೊಡಲೆಂದು ನಾಲ್ವರು ಶಿಕ್ಷಕಿಯರು ತೆರೆದ ಈ ಮನೆ, ಯುದ್ಧಕಾಲದಲ್ಲಿ ಊರೇ ಖಾಲಿಯಾದಾಗಲೂ ಒಲೆ ಆರಿಸಲಿಲ್ಲ. ಮುಂದೆ ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸರಿಗೂ ಆಸರೆಯಾಯಿತು. ಉತ್ತರ ಚೆನ್ನೈಯಲ್ಲಿ ಇಂಥ ಸೇವೆಯ ಮಾತು ಬಂದರೆ ಮೊದಲು ನೆನಪಾಗುವ ಹೆಸರು, ಮೂವತ್ತೆಂಟು ವರ್ಷ ಇದರ ಮೇಲ್ವಿಚಾರಕಿಯಾಗಿದ್ದು ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಅಮಲೋರ್ಪವಂ ಅವರದು.

ಬೀಳ್ಕೊಡುಗೆಯ ಸಂಚಿಕೆಗೆ ಅವರ ಗುಣಗಾನ ಬರೆಯಲು ಹೊರಟ ನನ್ನನ್ನು ಅವರೇ ತಡೆದರು. "ಸೆಲ್ವರಾಣಿ ವಿಷಯ ಬಿಟ್ಟು ಬರೆಯೋದಾದ್ರೆ ನನ್ನ ಬಗ್ಗೆ ಒಂದಕ್ಷರಾನೂ ಬೇಡ ಕಣಮ್ಮ."

ನಾನು ಇಲ್ಲಿ ಟೈಪಿಸ್ಟಾಗಿ ಸೇರಿದ ನಾಲ್ಕನೆಯ ವರ್ಷ. ಕಾಸಿಮೇಡಿನಲ್ಲಿ ಮೀನು ಮಾರುತ್ತಿದ್ದ ಮುನಿಯಮ್ಮಾಳ್, ಗಂಡನ ಹೊಡೆತಕ್ಕೆ ಮಣಿಕಟ್ಟು ಮುರಿದಿದ್ದ ಮಗಳು ಸೆಲ್ವರಾಣಿಯನ್ನು ತಂದು ಬಿಟ್ಟಳು. ಎರಡು ತಿಂಗಳ ಮೇಲೆ ಗಂಡ ಮಲ್ಲಿಗೆ ಹಿಡಿದು ಬಂದು ಅತ್ತ. "ಇನ್ಮೇಲೆ ಕೈ ಎತ್ತಲ್ಲಮ್ಮ, ದೇವರಾಣೆ." ಸೆಲ್ವರಾಣಿ ಅಮಲೋರ್ಪವಂ ಅಮ್ಮನವರತ್ತ ತಿರುಗಿ, "ನೀವು ಹೋಗು ಅಂದ್ರೆ ಹೋಗ್ತೀನಿ" ಎಂದಳು. "ಹೋಗಿ ನೋಡಮ್ಮ" ಎಂದರು ಇವರು.

ಹತ್ತೊಂಬತ್ತನೆಯ ದಿನ ಶವಾಗಾರದಲ್ಲಿ ಅವಳನ್ನು ಗುರುತಿಸಲು ನಾವಿಬ್ಬರೂ ಹೋದೆವು. ಅಲ್ಲಿಂದ ಅಮ್ಮನವರು ನೇರವಾಗಿ ಮುನಿಯಮ್ಮಾಳ್ ಮನೆಗೆ ನಡೆದರು.

"ನಿನ್ನ ನಂಬಿ ಬಿಟ್ಟೆ. ನೀನೇ ಕಳಿಸಿಕೊಟ್ಯಲ್ಲೇ! ಹೋಗು, ನನ್ನ ಕಣ್ಮುಂದೆ ನಿಲ್ಲಬೇಡ" ಎಂದಳು ಮುನಿಯಮ್ಮಾಳ್.



ನಾವೇ ಮೂರು ಬಾರಿ ಆ ಗಂಡನ ಮನೆಗೆ ಹೋಗಿ, ನೆರೆಯವರನ್ನು ವಿಚಾರಿಸದೆ ಯಾರಿಗೂ ಮರಳಿ ಹೋಗಲು ಹೇಳಬಾರದೆಂಬ ನಿಯಮ ಆಮೇಲೆ ಬಂದದ್ದು. "ಊರೆಲ್ಲಾ ಅಲೀತೀರಾ?" ಎಂದು ಆಡಳಿತ ಮಂಡಳಿಯವರು ನಕ್ಕರು. "ಅವತ್ತು ಅಲೆದಿದ್ರೆ ಆ ಹೆಣ ನೋಡ್ತಿರಲಿಲ್ಲ" ಎಂದರು ಇವರು. ನಿಯಮ ಎಲ್ಲರನ್ನೂ ಉಳಿಸಿತೆನ್ನಲಾರೆ. ಬೇಡವೆಂದರೂ ಹೋದವರಿದ್ದಾರೆ, ಮತ್ತೆ ಪೆಟ್ಟು ತಿಂದು ಬಂದವರಿದ್ದಾರೆ. ಬಂದವರನ್ನು "ಯಾಕೆ ಹೋದೆ?" ಎಂದು ಅಮ್ಮನವರು ಒಮ್ಮೆಯೂ ಕೇಳಿದ್ದಿಲ್ಲ.

ಏಳು ವರ್ಷಗಳ ಹಿಂದೆ, ಕಣ್ಣು ಕಾಣದಾಗಿದ್ದ ಮುನಿಯಮ್ಮಾಳನ್ನು ನೆರೆಯವರು ನಮ್ಮಲ್ಲಿಗೇ ತಂದರು. ಅವಳನ್ನು ಮೀಯಿಸಿದ್ದು, ಉಣಿಸಿದ್ದು ಅಮ್ಮನವರೇ. ಹೋದ ವರ್ಷ ತೀರಿಕೊಳ್ಳುವವರೆಗೂ ಮುದುಕಿ ಕ್ಷಮೆಯ ಮಾತು ಆಡಲಿಲ್ಲ. ಇವರು ಬೇಡಲೂ ಇಲ್ಲ.

ಒಮ್ಮೆ ನಾನೇ ಆ ಅಜ್ಜಿಯನ್ನು ಕೇಳಿದ್ದೆ: "ಪಾಟಿ, ಅಮ್ಮನ ಮೇಲೆ ಇನ್ನೂ ಕೋಪಾನಾ?"

"ಇಲ್ದೆ ಇರುತ್ತಾ? ಸತ್ತವಳು ನನ್ನ ಮಗಳಲ್ವಾ? ಆದ್ರೆ ಅನ್ನ ಅವಳೇ ಹಾಕ್ಬೇಕು. ಬೇರೆಯವರು ಹಾಕಿದ್ರೆ ಗಂಟಲಲ್ಲಿ ಇಳಿಯಲ್ಲ."

ನಿವೃತ್ತಿಯ ನಂತರವೂ ಮನೆಭೇಟಿಗಳನ್ನು ಬಿಡುವುದಿಲ್ಲವೆಂದು ಅಮ್ಮನವರು ಹೇಳಿದ್ದಾರೆ. ಅಷ್ಟು ಬಾಗಿಲು ತಟ್ಟುವ ಕಾಲ್ಬಲವೂ ಆಯುಸ್ಸೂ ಅವರಿಗಿರಲಿ. ಮುದುಕಿಯ ಆ ಮಾತನ್ನು ಅವರಿಗೆ ತಿಳಿಸುವ ಧೈರ್ಯ ನನಗೆ ಈವರೆಗೆ ಆಗಿರಲಿಲ್ಲ. ಈ ಪುಟದಲ್ಲೇ ಅವರು ಮೊದಲು ಓದುತ್ತಾರೆ.