ಅವಲಕ್ಕಿ ಅನ್ನವಲ್ಲ

ನಾನು ನಿಂತಿದ್ದುದು ಭದ್ರಾವತಿಯ ಹಳೇ ಪೇಟೆಯಲ್ಲಿ, ಸಾಹೇಬರೊಬ್ಬರ ಅಕ್ಕಿ ಮಂಡಿಯ ಒಳಗೆ, ಮೂಟೆ ತೂಗುವ ದೊಡ್ಡ ತಕ್ಕಡಿಯ ಎಡಗಡೆ. ನನಗೂ ತಕ್ಕಡಿಯ ಹಲಗೆಗೂ ನಡುವೆ ಒಂದು ಮಾರಿನಷ್ಟು ಜಾಗವಿತ್ತು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ಯುಗಾದಿ ಕಳೆದ ಮೇಲಿನ ಮೊದಲ ಸೋಮವಾರ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಆದ್ದರಿಂದ ಬೆಳಗಿನ ಒಂಬತ್ತು ಗಂಟೆ ಮೀರಿರಬೇಕು.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಆ ದಿನ ಅಲ್ಲಿ ಇಲ್ಲದವರೇ ಆಮೇಲೆ ಹೆಚ್ಚು ಮಾತಾಡಿದರು. ನನ್ನ ಭಾವ ಕದ್ದು ಅನ್ನ ಉಣ್ಣುತ್ತಿದ್ದರು ಎಂದರು. ಡಾಕ್ಟರು ಬೇಕೆಂದೇ ಅವರ ಕೆಲಸ ಕಳೆದರು ಎಂದರು. ಸಾಹೇಬರ ತಕ್ಕಡಿಯಲ್ಲಿ ಮೋಸವಿತ್ತು ಎಂದವರೂ ಇದ್ದರು. ಯಾವುದೂ ನಿಜವಲ್ಲ. ಆ ಮಂಡಿಯಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇರಲಿಲ್ಲ. ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಅದಕ್ಕೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದರು. ಷೆಡ್ಡಿನ ಮಾಡಿನ ಹತ್ತಿರ, ಹಕ್ಕಿ ಗೂಡಿನಂಥ ಪೆಟ್ಟಿಗೆಯೊಳಗೆ ಅವರ ಜಾಗ. ಅಲ್ಲಿಗೆ ಹತ್ತಲು ಗೋಡೆಗೆ ಬಡಿದ ನೇರವಾದ ಕಬ್ಬಿಣದ ಏಣಿ. ಕರಗಿದ ಕಬ್ಬಿಣ ತುಂಬಿದ ಪಾತ್ರೆಯನ್ನು ಷೆಡ್ಡಿನ ಈ ಕೊನೆಯಿಂದ ಆ ಕೊನೆಗೆ ಒಯ್ದು, ತೊಟ್ಟು ಚೆಲ್ಲದಂತೆ ಇಳಿಸುತ್ತಿದ್ದರು. ಆ ಕೆಲಸವೆಂದರೆ ಅವರಿಗೆ ಪ್ರಾಣ. "ಮೇಲೆ ಕೂತ್ರೆ ನನ್ನ ಮೈಭಾರ ನಂಗೇ ಗೊತ್ತಾಗಲ್ಲ ಮಾರಾಯ" ಎನ್ನುತ್ತಿದ್ದರು.

ಮೈಭಾರ ಉಳಿದವರಿಗೆ ಗೊತ್ತಾಗುತ್ತಿತ್ತು. ಆ ಹಿಂದಿನ ದಸರೆಯ ಹೊತ್ತಿಗೆ ಅವರು ಏಣಿಯ ನಡುವೆ ಒಂದು ಸಲ ನಿಂತುಬಿಟ್ಟರು. ಮೇಲೂ ಹೋಗಲಾರರು, ಕೆಳಗೂ ಇಳಿಯಲಾರರು. ಉಸಿರು ಸಿಕ್ಕಲು ಬಹಳ ಹೊತ್ತಾಯಿತು. ಫೋರ್‌ಮನ್ ಒಳ್ಳೆಯ ಮನುಷ್ಯ. ಯುಗಾದಿಯವರೆಗೆ ನೋಡುತ್ತೇನೆ, ಅಷ್ಟರಲ್ಲಿ ಮೈ ಇಳಿಸಿ ಡಾಕ್ಟರ ಕೈಲಿ ಹೇಳಿಸಿ, ಇಲ್ಲದಿದ್ದರೆ ನೆಲದ ಮೇಲಿನ ಕೆಲಸಕ್ಕೆ ಹಾಕಬೇಕಾಗುತ್ತದೆ ಎಂದರು.

ಆಗ ನಾನು ಶಿವಮೊಗ್ಗದಲ್ಲಿ ಸ್ಕೂಲು ಮೇಷ್ಟರು. ಶನಿವಾರ ಸ್ಕೂಲು ಬಿಟ್ಟ ಮೇಲೆ ರೈಲು ಹತ್ತಿ ಅಕ್ಕನ ಮನೆಗೆ ಬರುತ್ತಿದ್ದೆ, ಸೋಮವಾರ ಬೆಳಿಗ್ಗೆ ಮರಳುತ್ತಿದ್ದೆ. ಹಾಗಾಗಿ ದಸರೆಯ ರಜೆಯಲ್ಲಿ ಭಾವ ಡಾಕ್ಟರ ಬಳಿ ಹೋದಾಗ ನಾನೂ ಅಕ್ಕನೂ ಜೊತೆಗಿದ್ದೆವು. ಡಾಕ್ಟರು ತಮಿಳರು, ಪೇಟೆಯಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರು. ಅವರಲ್ಲಿ ಮನುಷ್ಯರನ್ನು ತೂಗುವ ಯಂತ್ರವಿರಲಿಲ್ಲ. ಪಕ್ಕದ ಅಕ್ಕಿ ಮಂಡಿಗೆ ಕರೆದುಕೊಂಡು ಹೋಗಿ, ತಕ್ಕಡಿಯ ಒಂದು ಹಲಗೆಯ ಮೇಲೆ ಭಾವನನ್ನು ಕೂರಿಸಿ, ಇನ್ನೊಂದರ ಮೇಲೆ ಕಟ್ಟಿದ ಅಕ್ಕಿ ಮೂಟೆ ಇಡಿಸಿದರು. ಎರಡೂ ಸರಿಸಮ ನಿಂತವು.

"ಸ್ವಾಮಿ, ಅನ್ನ ಬಿಟ್ಟುಬಿಡಿ" ಎಂದರು ಡಾಕ್ಟರು. "ಒಂದು ಅಗುಳು ಕೂಡ ಬೇಡ. ಹಬ್ಬ ಇರಲಿ, ಮದುವೆ ಇರಲಿ, ಬೇಡ."

"ಅನ್ನ ಬಿಟ್ಟು ಬೇರೇದು?" ಎಂದು ಅಕ್ಕ ಕೇಳಿದಳು.

"ಬೇರೇದು ಸ್ವಲ್ಪ ಸ್ವಲ್ಪ. ಹೊಟ್ಟೆಯಲ್ಲಿ ಕಾಲು ಭಾಗ ಖಾಲಿ ಇರಲಿ."

ಎರಡು ಮಾತನ್ನೂ ಮೂವರೂ ಕೇಳಿದೆವು. ಮನೆ ತಲುಪುವಷ್ಟರಲ್ಲಿ ಮೊದಲನೆಯದು ಮಾತ್ರ ಉಳಿದಿತ್ತು. ನಮ್ಮ ಕಡೆಯ ಮನೆಗಳಲ್ಲಿ ಬಿಡುವುದಕ್ಕೆ ಇರುವ ಗೌರವ ಕಡಿಮೆ ಮಾಡುವುದಕ್ಕೆ ಇಲ್ಲ. ಬಿಡುವುದೆಂದರೆ ವ್ರತ. ಅದನ್ನು ನಾಲ್ಕು ಜನರ ಮುಂದೆ ಹೇಳಬಹುದು. ಅರ್ಧ ರೊಟ್ಟಿ ಕಡಿಮೆ ತಿಂದೆ ಎಂದು ಯಾರು ಯಾರಿಗೆ ಹೇಳುತ್ತಾರೆ? ಭಾವ ಆ ಸಂಜೆ ಕೈಕಾಲು ತೊಳೆದು, ವಿಭೂತಿ ಧರಿಸಿ, ದೇವರ ಮುಂದೆ ನಿಂತು, ಯುಗಾದಿವರೆಗೆ ಅನ್ನ ಮುಟ್ಟುವುದಿಲ್ಲ ಎಂದರು. ಮುಟ್ಟಲಿಲ್ಲ. ಅದಕ್ಕೆ ನಾನು ಸಾಕ್ಷಿ.

ಅನ್ನ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ತಿಂದರು. ಬೆಳಿಗ್ಗೆ ಕಾಯಿತುರಿ ಹಾಕಿದ ಒಗ್ಗರಣೆ ಅವಲಕ್ಕಿ. ಮಧ್ಯಾಹ್ನ ಬೆಣ್ಣೆ ಇಟ್ಟ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಸಂಜೆ ಕಡಲೆಬೀಜ ಬೆರೆಸಿದ ಮಂಡಕ್ಕಿ. ರಾತ್ರಿ ಕಡುಬು, ಇಲ್ಲವೇ ಕಾಯಿಹಾಲಿನ ಜೊತೆ ಒತ್ತುಶಾವಿಗೆ. ಅಕ್ಕ ಬಡಿಸುವಾಗ ಪ್ರತಿ ಸಲವೂ "ಪಾಪ, ಅನ್ನ ಬಿಟ್ಟೋರು" ಎಂದು ಇನ್ನೊಂದು ಹಾಕುತ್ತಿದ್ದಳು. ಶಿವಮೊಗ್ಗದಲ್ಲಿ ನೆಂಟರ ಮದುವೆಯೊಂದಕ್ಕೆ ಹೋದೆವು. ಪಂಕ್ತಿಯಲ್ಲಿ ಅನ್ನ ಬಂದಾಗ ಭಾವ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಹುಡುಗಿಯ ತಂದೆಯೇ ಓಡಿ ಬಂದರು.

"ಅನ್ನ ಬಿಟ್ಟಿದ್ದಾರಂತೆ ಕಣ್ರೋ! ಎಂಥ ಗಟ್ಟಿ ಮನಸ್ಸು ನೋಡಿ! ಹೋಳಿಗೆ ತಗೊಂಡ್ ಬನ್ರೋ ಇಲ್ಲಿ, ತುಪ್ಪ ತನ್ರೋ!"

ಭಾವ ಎಲ್ಲರ ಮುಂದೆ ಹೋಳಿಗೆ ತಿಂದರು. ಸುತ್ತ ಕೂತವರು ಗುರುಗಳನ್ನು ನೋಡುವಂತೆ ನೋಡಿದರು.

ನಾನು ಹೇಳಲಿಲ್ಲವೆಂದಲ್ಲ. ಬಂದಾಗಲೆಲ್ಲ ಹೇಳಿದೆ. ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ಕೂತು ಅಕ್ಕನನ್ನು ಕೇಳಿದೆ.

"ಅಕ್ಕಾ, ಅವಲಕ್ಕಿ ಯಾವುದರಿಂದ ಮಾಡ್ತಾರೆ?"

"ಭತ್ತದಿಂದ."

"ಅನ್ನ?"

"ಅಕ್ಕಿಯಿಂದ."

"ಅಕ್ಕಿ ಯಾವುದರಿಂದ?"

"ಏ, ಇಂಥವನ್ನೆಲ್ಲ ನಿನ್ನ ಸ್ಕೂಲು ಹುಡುಗ್ರಿಗೆ ಕೇಳು ಹೋಗು. ನನ್ನ ಒಲೆ ಮೇಲೆ ಬಾಣಲೆ ಐತೆ."

"ಅವರ ಅಂಗಿ ಗುಂಡಿ ಹಾಕೋಕಾಗ್ತಿಲ್ಲ, ನೋಡಿದ್ಯಾ?"

"ಒಗೆದು ಒಗೆದು ಬಟ್ಟೆ ಕುಗ್ಗೈತೆ."

ನಮ್ಮ ಅವ್ವ ಆಗ ಹೊಳಲೂರಿನಿಂದ ಬಂದು ಮಗಳ ಮನೆಯಲ್ಲಿದ್ದಳು. ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಲೋ ತಮ್ಮಾ, ನಾನು ಸೋಮವಾರ ಏನು ಮಾಡ್ತೀನಿ?"

"ಒಪ್ಪತ್ತು." ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಹೊತ್ತು ಅನ್ನ. ಇನ್ನೊಂದು ಹೊತ್ತಿಗೆ ಫಲಾಹಾರ.

"ರಾತ್ರಿ ಏನು ತಿಂತೀನಿ?"

"ಅವಲಕ್ಕಿ."

"ಅವಲಕ್ಕಿನೂ ಅನ್ನವೇ ಆದ್ರೆ, ನಾನು ಮದುವೆಯಾಗಿ ಬಂದಾಗಿಂದ ಮಾಡಿದ ಒಪ್ಪತ್ತೆಲ್ಲ ಏನಾಯ್ತೋ? ಇಷ್ಟು ಕಾಲ ಶಿವನಿಗೆ ಸುಳ್ಳು ಹೇಳಿದ್ನಾ ನಾನು? ಹೇಳು. ಓದಿದೋನಲ್ವಾ, ಹೇಳು."

ಭಾವನ ಹೊಟ್ಟೆ ಇಳಿಸಲು ಹೋದರೆ ಅವ್ವನ ಸೋಮವಾರಗಳನ್ನೆಲ್ಲ ಕೆಡವಬೇಕಿತ್ತು. ಭಾವ ಒಳಗಿನಿಂದ ನಗುತ್ತ ಬಂದರು.

"ಅತ್ತೆ ಕೂಡ ವಾದ ಹಾಕಬೇಡ ಮಾರಾಯ, ಸೋಲ್ತೀಯ."

"ಭಾವ, ಏಣಿ ಹತ್ತುವಾಗ ಹೇಗಿದೆ?"

"ಮೊದಲಿಗಿಂತ ನಿಧಾನ ಹತ್ತೀನಿ, ಅಷ್ಟೆ. ಕೊಬ್ಬು ಒಳಗೊಳಗೇ ಕರಗ್ತಾ ಐತೆ. ಹೊರಗೆ ಕಾಣೋಕೆ ತಡ ಆಗ್ತೈತೆ."

"ಡಾಕ್ಟರ್ನ ಇನ್ನೊಂದ್ಸಲ ಕೇಳೋಣ ಬನ್ನಿ. ನೀವು ಬರದಿದ್ರೆ ನಾನೇ ಕೇಳ್ತೀನಿ."

ಅವರ ಮುಖ ಬಿಗಿಯಾಯಿತು. "ಬೇಡ. ನನ್ನ ಹೊಟ್ಟೆ ಸುದ್ದೀನ ನೀನು ಪೇಟೇಲಿ ಹರಡಬೇಡ. ಅನ್ನ ಬಿಡು ಅಂದ್ರು, ಬಿಟ್ಟಿದೀನಿ. ಪದೇ ಪದೇ ಕೇಳೋಕೆ ಹೋದ್ರೆ, ಇವನಿಗೆ ಮಾತು ಉಳಿಸ್ಕೊಳ್ಳೋಕೆ ಆಗ್ತಿಲ್ಲ ಅಂತ ತಿಳ್ಕೊಳ್ತಾರೆ."

ಹೀಗೆ ಯುಗಾದಿ ಬಂತು.

ಆ ಸೋಮವಾರ ಭಾವ ಮಡಿ ಪಂಚೆ ಉಟ್ಟಿದ್ದರು. ಬೆಳಿಗ್ಗೆ ನೀರು ಮಾತ್ರ ಕುಡಿದಿದ್ದರು. ನಾನು ಸ್ಕೂಲಿಗೆ ರಜೆ ಹಾಕಿ ಉಳಿದೆ. ಅಕ್ಕನೂ ಬಂದಳು. ಅವಳು ಮಂಡಿಯ ಬಾಗಿಲಲ್ಲೇ, ಹೊಸ್ತಿಲ ಹೊರಗೆ ನಿಂತಳು. ಒಳಗೆ ಸಾಹೇಬರು, ಡಾಕ್ಟರು, ಮೂಟೆ ಹೊರುವ ನಾಲ್ಕೈದು ಜನ ಹಮಾಲರು ಇದ್ದರು.

"ತುಲಾಭಾರ, ತುಲಾಭಾರ! ದಾರಿ ಬಿಡ್ರೋ!" ಎಂದು ಹಮಾಲನೊಬ್ಬ ಕೂಗಿದ.

"ಬನ್ನಿ ಬನ್ನಿ" ಎಂದರು ಸಾಹೇಬರು. "ಹೋದ ಸಲ ನಮ್ಮ ಮೂಟೇದೂ ನಿಮ್ದೂ ಬರಾಬರ್ ಆಗಿತ್ತು. ಇವತ್ತು ಮೂಟೆ ಗೆಲ್ಲಬೇಕು."

ಭಾವನೂ ನಕ್ಕರು. ಸರಪಳಿ ಹಿಡಿದು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಇನ್ನೊಂದು ಹಲಗೆಗೆ ಮೂಟೆ ಇಟ್ಟರು. ಆಸರೆಯ ಗೂಟ ತೆಗೆದ ಕೂಡಲೇ ಮೂಟೆ ಮೇಲಕ್ಕೆ ಹೋಯಿತು. ಭಾವ ಕೂತ ಹಲಗೆ ನೆಲ ಮುಟ್ಟಿತು.

ಸಾಹೇಬರು ತಕ್ಕಡಿಯ ಮುಳ್ಳನ್ನು ನೋಡಿದರು. ಮೂಟೆ ಬದಲಾಯಿಸಿ ಇನ್ನೊಂದು ಇಡಿಸಿದರು. ಮತ್ತೆ ಅದೇ. ಮೂಟೆಯ ಮೇಲೆ ಒಂದು ತೂಕದ ಕಲ್ಲು ಇಡಿಸಿದರು. ಅಲುಗಲಿಲ್ಲ. ಇನ್ನೊಂದು ಇಡಿಸಿದರು. ಆಗ ಭಾವನ ಹಲಗೆ ನಿಧಾನವಾಗಿ ನೆಲ ಬಿಟ್ಟಿತು.

"ಏನ್ ಸ್ವಾಮಿ ಇದು?" ಎಂದರು ಡಾಕ್ಟರು. "ಅನ್ನ ತಿಂತಿದ್ದೀರಿ."

"ಇಲ್ಲ."

"ಸುಳ್ಳು ಹೇಳಬೇಡಿ. ತಕ್ಕಡಿ ಹೇಳ್ತಿದೆ."

"ತಕ್ಕಡೀಲಿ ತಪ್ಪಿಲ್ಲ ಡಾಕ್ಟರ್ ಸಾಬ್" ಎಂದು ಸಾಹೇಬರು ಮೆಲ್ಲಗೆ ಹೇಳಿದರು.

ಭಾವ ಹಲಗೆಯ ಮೇಲೆ ಕೂತ ಹಾಗೆಯೇ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ತೆರೆದರು. ಲಿಂಗವನ್ನು ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡರು.

"ಇದರಾಣೆ. ಒಂದಗುಳು ಅನ್ನ ನನ್ನ ಬಾಯಿಗೆ ಹೋಗಿಲ್ಲ."

ತುಲಾಭಾರವೆಂದು ಕೂಗಿದ ಹಮಾಲ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಡಾಕ್ಟರು ಒಮ್ಮೆ ಮೂಟೆಯನ್ನು, ಒಮ್ಮೆ ಭಾವನನ್ನು ನೋಡಿದರು. ಅವರು ಇನ್ನೊಂದು ಸಲ ಸುಳ್ಳೆಂದು ಹೇಳಿಬಿಟ್ಟಾರು ಅನ್ನಿಸಿತು. ಆಗ ನಾನು ಬಾಯಿ ಬಿಟ್ಟೆ.

"ಅವರು ಹೇಳೋದು ನಿಜ ಡಾಕ್ಟ್ರೇ. ಅನ್ನ ಮುಟ್ಟಿಲ್ಲ. ಅವಲಕ್ಕಿ ತಿಂತಾರೆ. ಅಕ್ಕಿ ರೊಟ್ಟಿ, ಕಡುಬು, ಶಾವಿಗೆ, ಮಂಡಕ್ಕಿ ತಿಂತಾರೆ."

"ಕಡುಬು ಅಂದ್ರೆ?"

ಸಾಹೇಬರು ಎದುರು ಹಲಗೆಯ ಮೂಟೆಯನ್ನು ತಟ್ಟಿದರು. "ಇದೇ ಸಾಬ್. ಅವಲಕ್ಕಿನೂ ಇದೇ, ಕಡುಬೂ ಇದೇ, ಮಂಡಕ್ಕಿನೂ ಇದೇ. ಎಲ್ಲಾ ಅಕ್ಕಿನೇ."

ಮೊದಲು ನಕ್ಕವರು ಡಾಕ್ಟರು. ಆ ನಗೆಯಲ್ಲಿ ಕೆಟ್ಟದ್ದಿರಲಿಲ್ಲ, ಇದನ್ನು ಖಂಡಿತವಾಗಿ ಹೇಳುತ್ತೇನೆ. ಬಹಳ ಹೊತ್ತು ಬಿಡಿಸಲಾಗದ ಲೆಕ್ಕ ಬಿಡಿಸಿದವನು ನಗುವ ನಗೆ ಅದು. ಆಮೇಲೆ ಸಾಹೇಬರು ನಕ್ಕರು. ಆಮೇಲೆ ಹಮಾಲರು. "ಅನ್ನ ಬಿಟ್ಟು ಅಕ್ಕಿ ಹಿಡಿದ್ರು!" ಎಂದು ಯಾರೋ ಅಂದರು. ನಗು ಬೀದಿಗೂ ಹೋಯಿತು, ಬೀದಿಯವರು ಬಾಗಿಲಿಗೆ ಬಂದರು.

ಭಾವ ಇಳಿಯಬೇಕೆಂದರೆ ಸರಪಳಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಿತ್ತು. ಒಂದು ಕೈಯಲ್ಲಿ ಲಿಂಗವಿತ್ತು. ನಾನು ಮುಂದೆ ಹೋಗಿ ಕೈ ಕೊಟ್ಟೆ, ಅವರು ಹಿಡಿಯಲಿಲ್ಲ. ಅಷ್ಟು ಜನ ನಗುತ್ತಿರುವಾಗ ಅವರು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು, ಕರಡಿಗೆಯೊಳಗೆ ಇಟ್ಟು, ದಾರ ಬಿಗಿದು, ಆಮೇಲೆ ಸರಪಳಿ ಹಿಡಿದು ಎದ್ದರು. ಅಷ್ಟಕ್ಕೆ ಬೇಕಾದ ಸಮಯ ಹೆಚ್ಚೇನಲ್ಲ. ಆದರೂ ಆ ಸಮಯ ನನ್ನ ತಲೆಯಿಂದ ಹೋಗಿಲ್ಲ.

ಡಾಕ್ಟರು ನಗು ನಿಲ್ಲಿಸಿ, ತಪ್ಪಾಯಿತು ಸ್ವಾಮಿ, ಇನ್ನು ಮೂರು ತಿಂಗಳು ಸರಿಯಾಗಿ ಪಥ್ಯ ಮಾಡಿ, ನಾನೇ ಫೋರ್‌ಮನ್‌ಗೆ ಹೇಳುತ್ತೇನೆ ಎಂದರು. ಭಾವ ಹೊರಟುಬಿಟ್ಟರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಮುಂದೆ ನಡೆದಳು. ಹೊಳೆಯ ಸೇತುವೆಯ ಮೇಲೆ ಭಾವ ನನ್ನ ಕಡೆ ತಿರುಗಿದರು.

"ನಾನು ಆಣೆ ಇಟ್ಟಾಗ ನೀನು ಸುಮ್ನಿರಬೇಕಿತ್ತು."

"ಸುಮ್ನಿದ್ದಿದ್ರೆ ನಿಮ್ಮನ್ನ ಸುಳ್ಳುಗಾರ ಅಂತಿದ್ರು ಭಾವ."

"ಅನ್ಲಿ. ಸುಳ್ಳುಗಾರನ್ನ ನೋಡಿ ಯಾರೂ ನಗಲ್ಲ."

ಆ ಮಧ್ಯಾಹ್ನ ಅವರು ತಣಿಗೆಯ ಮುಂದೆ ಕೂತು "ಅನ್ನ ಬಡಿಸು" ಎಂದರು. ಅಕ್ಕ ಬಡಿಸಿದಳು. ಭಾವ ಸಾಕು ಎನ್ನಲಿಲ್ಲ, ಅವಳು ಬಡಿಸುತ್ತ ಹೋದಳು. ಮೂರು ತಿಂಗಳ ಪಥ್ಯದ ಮಾತನ್ನು ನಾನು ಎತ್ತಿದಾಗ ತಣಿಗೆ ಬಿಟ್ಟು ಎದ್ದರು. ಅವರಾಗಿಯೇ ಫೋರ್‌ಮನ್ ಬಳಿ ಹೋಗಿ, ನನ್ನನ್ನು ಕೆಳಗೆ ಹಾಕಿ ಎಂದು ಕೇಳಿಕೊಂಡರಂತೆ. ಕ್ರೇನಿಗೆ ಬೇರೆಯವರು ಬಂದರು. ಭಾವನಿಗೆ ಉಗ್ರಾಣದಲ್ಲಿ ಕೆಲಸವಾಯಿತು. ಕಾರ್ಖಾನೆಯಲ್ಲಿ ಅವರಿಗೆ "ಫಲಾಹಾರದವರು" ಎಂದು ಹೆಸರು ಬಿತ್ತು. ತಮಿಳರು, ತೆಲುಗರು ಕೂಡ ಅದನ್ನು ಕನ್ನಡದಲ್ಲೇ ಕರೆಯುತ್ತಿದ್ದರು.

ಯುದ್ಧದ ಕಾಲದಲ್ಲಿ ರೇಷನ್ ಬಂದು ಅಕ್ಕಿ ಸಿಗದೆ ಹೋಯಿತು. ಅನ್ನವೂ ಇಲ್ಲ, ಅವಲಕ್ಕಿಯೂ ಇಲ್ಲ. ಊರಿಗೆ ಊರೇ ಜೋಳ, ರಾಗಿಗೆ ಇಳಿಯಿತು, ಅದೂ ಅಳೆದು ಕೊಟ್ಟಷ್ಟು. ಭಾವ ಇಳಿದರು. ಯಾರೂ ಹೇಳದೆ, ಯಾವ ವ್ರತವೂ ಇಲ್ಲದೆ, ಒಂದೇ ವರ್ಷದಲ್ಲಿ ಅಂಗಿ ಜೋಲುವ ಹಾಗೆ ಇಳಿದರು. ನಾನು ಸಂತೋಷದಿಂದ, ಈಗ ಒಂದು ಸಲ ಫೋರ್‌ಮನ್ ಹತ್ತಿರ ಕೇಳಿ ನೋಡಿ ಭಾವ ಎಂದೆ. ಅವರು ಜೋಲುವ ಅಂಗಿಯ ಗುಂಡಿ ಹಾಕಿಕೊಂಡು ಉಗ್ರಾಣದ ಕೆಲಸಕ್ಕೆ ಹೊರಟರು.

ನಾನು ಹೇಳಿದ್ದರಲ್ಲಿ ತಪ್ಪೇನಿತ್ತೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಅವ್ವನ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ. ಅವಳು ಈಗ ಇಲ್ಲ.

ಡಾಕ್ಟರು ತಮ್ಮ ಊರಿಗೆ ಮರಳಿ, ಅಲ್ಲೇ ತೀರಿಕೊಂಡರೆಂದು ಕೇಳಿದ್ದೇನೆ. ಮಂಡಿಯ ಸಾಹೇಬರೂ ಇಲ್ಲ. ನನಗೆ ತಿಳಿದಂತೆ, ಆ ದಿನ ನಡೆದುದನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವರು ನಾನಲ್ಲದೆ ಮೂವರು. ತಲೆಯ ಬಟ್ಟೆ ಬಿಚ್ಚಿ ಹಿಡಿದ ಹಮಾಲ, ಈಗ ಮುದುಕ, ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದಾನೆ, ಕೇಳಿದರೆ ಹೇಳುತ್ತಾನೆ. ಹೊಸ್ತಿಲ ಹೊರಗೆ ನಿಂತಿದ್ದ ನನ್ನ ಅಕ್ಕ, ಕೇಳಿದರೂ ಹೇಳುವುದಿಲ್ಲ. ಮತ್ತು ನನ್ನ ಭಾವ.