ಶಂಕ್ರೆಪ್ಪ ಹಾಸಿದ ನೆಲಗಳು

ತಾಂಡೂರಿನ ಕಲ್ಲುಕೆಲಸದವರಲ್ಲಿ ಶಂಕ್ರೆಪ್ಪನ ಅಂಗೈಗೆ ಹೆಸರಿತ್ತು. ಹಾಸಿದ ಚಪ್ಪಡಿಯ ಮೇಲೆ ಕೈಯಾಡಿಸಿ, ಎಲ್ಲಿ ಕೂದಲೆಳೆಯಷ್ಟು ಏರಿದೆ ಎಂದು ಹೇಳಿಬಿಡುತ್ತಿದ್ದ. ಅವನೂ ತಮ್ಮ ಮನ್ಮಥಪ್ಪನೂ ಊರಾಚೆಯ ಸ್ವಂತ ಗಣಿಯಲ್ಲಿ ನೀಲಿಗಲ್ಲು ಎಬ್ಬಿಸಿ, ರೈಲಿಗೆ ಹೇರಿ, ಹಿಂದೆಯೇ ಹೋಗಿ ಹಾಸಿ ಬರುತ್ತಿದ್ದರು. ಹೋಗುತ್ತಿದ್ದದ್ದು ಎರಡೇ ಪಟ್ಟಣಕ್ಕೆ, ಹೈದರಾಬಾದು ಮತ್ತು ಸಿಕಂದರಾಬಾದು. ನಡುವೆ ಇದ್ದದ್ದು ಒಂದು ಕೆರೆ. ಆದರೆ ಎರಡಕ್ಕೂ ಅನ್ನ ಬರುವ ದಾರಿ ಬೇರೆ.

ಹೈದರಾಬಾದು ಜಾಗೀರುಗಳ ಹುಟ್ಟುವಳಿ ನಂಬಿದ ಊರು. ದೂರದ ಹಳ್ಳಿಗಳ ಫಸಲು ನವಾಬರ ದೊಡ್ಡ ಮನೆಗಳಾದ ದೇವಡಿಗಳಿಗೆ ಬಂದು ಬೀಳಬೇಕು, ಆಮೇಲೆ ದರ್ಜಿ, ಬಡಗಿ, ಕಲ್ಲಿನವನು ಉಣ್ಣಬೇಕು. ಶಂಕ್ರೆಪ್ಪ ಹತ್ತು ವರ್ಷದಿಂದ ಅಂಥ ಒಂದು ದೇವಡಿಯ ಕಲ್ಲುಕೆಲಸ ಮಾಡಿಕೊಂಡಿದ್ದ. ಕೂಲಿ ತಡವಾಗುತ್ತಿತ್ತು. ಆದರೆ ಅಲ್ಲಿ ಲೆಕ್ಕ ಬರೆಯುವ ಮುನ್ಷಿ ಇವನ ಮಕ್ಕಳನ್ನು ಹೆಸರು ಹಿಡಿದು ವಿಚಾರಿಸುತ್ತಿದ್ದ, ಲಿಂಗ ಕಟ್ಟಿದವರೆಂದು ಹಿಟ್ಟು ಬೇಳೆ ಕೊಟ್ಟು ಹಿತ್ತಲಲ್ಲಿ ಬೇರೆ ಒಲೆ ಹೂಡಲು ಬಿಡುತ್ತಿದ್ದ. ಸಿಕಂದರಾಬಾದು ಇಂಗ್ರೇಜಿ ದಂಡನ್ನು ನಂಬಿದ ಊರು. ಅಲ್ಲಿ ಸೀಟಿ ಊದಿದರೆ ಕೆಲಸ, ಶನಿವಾರ ಬಂದರೆ ಕೂಲಿ. ಅಂಚು ಮುಕ್ಕಾದ ಕಲ್ಲು ವಾಪಸು. ಹೆಸರನ್ನು ಯಾರೂ ಕೇಳುವುದಿಲ್ಲ.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ದಂಡಿನವರಿಗೆ ಸಾಲು ಸಾಲು ಬ್ಯಾರಕು ಬೇಕಾದವು. ಮನ್ಮಥಪ್ಪ ಗಣಿಯ ನಲವತ್ತು ಜನರನ್ನೂ ಕಟ್ಟಿಕೊಂಡು ಹೊರಟ. ಶಂಕ್ರೆಪ್ಪ ಹೋಗಲಿಲ್ಲ. ದೇವಡಿಯಲ್ಲಿ ಹೆಂಗಸರಿರುವ ಜನಾನದ ನೆಲ ಅರ್ಧಕ್ಕೆ ನಿಂತಿತ್ತು, ಮುಗಿಸಿಕೊಡುತ್ತೇನೆಂದು ಮಾತು ಕೊಟ್ಟಿದ್ದ. ಆದರೆ ಆ ವರ್ಷ ಜಾಗೀರಿನಿಂದ ಬರಬೇಕಾದದ್ದು ಬರಲಿಲ್ಲ, ಕೆಲಸ ನಿಂತೇಹೋಯಿತು. ಅವನ ಹೆಂಡತಿ ಕಾಂತಾಬಾಯಿ ರೊಟ್ಟಿ ತಟ್ಟುತ್ತಲೇ ಅಂದಳು: "ದಂಡಿನ ಊರು ಕಲ್ಲು ನೋಡ್ತದ, ದೇವಡಿ ಊರು ಮಾರಿ ನೋಡ್ತದ. ನಮ್ಮ ಹೊಟ್ಟಿ ಯಾರೂ ನೋಡಂಗಿಲ್ಲ. ತಮ್ಮನ ಕೈಕೆಳಗ ಆದರೂ ಆತು, ಹೋಗ್ರಿ."

ಹೋದ. ತನ್ನದೇ ಗಣಿಯ ಕಲ್ಲಿಗೆ ತಾನೇ ಕೂಲಿಯಾದ. ನೆಲಕ್ಕೆ ಅಂಗೈ ಇಟ್ಟು ನೋಡುವಷ್ಟು ಹೊತ್ತು ಅಲ್ಲಿರಲಿಲ್ಲ. ಮೂರನೆಯ ತಿಂಗಳು, ಅವಸರದಲ್ಲಿ ಅಂಚು ಒಡೆಯುವಾಗ ಚಕ್ಕೆ ಸಿಡಿದು ಎಡಗಣ್ಣಿಗೆ ಬಡಿಯಿತು. ಬ್ಯಾರಕು ಕಟ್ಟಿಸುತ್ತಿದ್ದ ಗುತ್ತಿಗೆದಾರ ನೆತ್ತರು ನೋಡಿ, ಇವನ ಜಾಗಕ್ಕೆ ಇನ್ನೊಬ್ಬನನ್ನು ಕೂಡಿಸು, ಕೆಲಸ ನಿಂತರೆ ನಿನ್ನ ಜನರೆಲ್ಲ ಹೊರಗೆ ಎಂದು ಮನ್ಮಥಪ್ಪನಿಗೆ ಹೇಳಿದ. ಮನ್ಮಥಪ್ಪ ತಲೆ ತಗ್ಗಿಸಿ, ಅಣ್ಣ ಎದ್ದ ಜಾಗದಲ್ಲಿ ತಾನೇ ಕೂತು ಉಳಿ ಹಿಡಿದ. ಆಸ್ಪತ್ರೆಗೆ ಕರೆದೊಯ್ದದ್ದು ಜೊತೆಗಾರ ಕಾಶಿರಾಮ. ಕಣ್ಣು ಉಳಿಯಲಿಲ್ಲ. ಊರಿಗೆ ಬಂದ ಮೇಲೂ ಶಂಕ್ರೆಪ್ಪ ಆ ದಿನದ ಮಾತು ಎತ್ತಲಿಲ್ಲ. ತಮ್ಮ ಬಂದರೆ ನೀರು ಕೊಡಿಸಿ, ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದ.

ಯುದ್ಧ ಮುಗಿಯಿತು. ದಂಡಿನ ಪಲ್ಟಣಗಳು ಹೋದವು, ಅವುಗಳ ಹಿಂದೆ ಗುತ್ತಿಗೆದಾರನೂ ಹೋದ. ಕೊಯ್ದ ಚಪ್ಪಡಿ ತಾಂಡೂರು ಸ್ಟೇಷನ್ನಿನ ಅಂಗಳದಲ್ಲಿ ರಾಶಿ ಬಿದ್ದಿತ್ತು. ಆಗ ಮನ್ಮಥಪ್ಪ ಅಣ್ಣನ ಬಾಗಿಲಿಗೆ ಬಂದು, ದೇವಡಿಯವರಿಗೆ ನಿನ್ನ ಗುರುತಿದೆ, ಒಮ್ಮೆ ಕೇಳಿ ನೋಡೋಣ ಎಂದು ಕೈ ಹಿಡಿದ. ಕಾಂತಾಬಾಯಿ ಬೇಡ ಅಂದಳು. ಶಂಕ್ರೆಪ್ಪ ನಲವತ್ತು ಮನೆಗಳ ಒಲೆ ನೆನೆದು ಹೊರಟ.

ದೇವಡಿಯ ಮುಂಭಾಗದಲ್ಲಿ ಯಾವನೋ ಸಾಹುಕಾರ ಬಾಡಿಗೆಗೆ ಅರಿವೆ ಅಂಗಡಿ ಇಟ್ಟಿದ್ದ. ಮುನ್ಷಿ ಮುದುಕನಾಗಿದ್ದ. ಶಂಕ್ರೆಪ್ಪನ ಕಣ್ಣು ನೋಡಿ ಅತ್ತ, ಚೀಲ ತರಿಸಿ ಹಿಟ್ಟು ತುಂಬಿಸಿದ. ಕೆಲಸ ಮಾತ್ರ ಇಲ್ಲವೆಂದ, ಹಳ್ಳಿಗಳಲ್ಲಿ ರೈತರು ಜಾಗೀರಿನ ಪಾಲು ಕೊಡಲೊಲ್ಲರು, ಮನೆಯವರೇ ಒಡವೆ ಮಾರಿ ಉಣ್ಣುತ್ತಿದ್ದಾರೆ ಎಂದ.

ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ಮನ್ಮಥಪ್ಪ ಕಡೆಗೂ ಬಾಯಿ ಬಿಟ್ಟ.

"ಅವತ್ತ ನಾ ಎದ್ದು ಬರಬೇಕಾಗಿತ್ತಣ್ಣ."

"ಬಂದಿದ್ರೂ ಕಣ್ಣು ಉಳೀತಿರಲಿಲ್ಲ," ಎಂದ ಶಂಕ್ರೆಪ್ಪ. ಹಿಟ್ಟಿನ ಚೀಲದ ಬಾಯಿ ಬಿಗಿದು ಸೇರಿಸಿದ: "ಆದ್ರ ನೀ ಬರಲಿಲ್ಲ. ಅದು ನನಗ ಮರೀಲಾಕ ಆಗವಲ್ದು."

ಗಣಿ ಮತ್ತೆ ಮೊದಲಿನಂತೆ ನಡೆಯಲಿಲ್ಲ. ಅಣ್ಣತಮ್ಮಂದಿರು ಬಶೀರಾಬಾದು, ಕೊಡಂಗಲ್‌ಗಳ ಅಂಗಡಿ ಕಟ್ಟೆಗೆ, ಬಾವಿ ಮೆಟ್ಟಿಲಿಗೆ ಕಲ್ಲು ಕೂಡಿಸುತ್ತ ಹೇಗೋ ದಿನ ತೆಗೆದರು. ಒಂದೇ ಬಂಡಿಯಲ್ಲಿ ಹೋಗುತ್ತಿದ್ದರು, ಬುತ್ತಿ ಮಾತ್ರ ಬೇರೆ ಬೇರೆ ಕಡೆ ಕೂತು ಬಿಚ್ಚುತ್ತಿದ್ದರು.